ಖಜಾನೆಯ ಮುಂದೆ ಕುಂಟಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಎಷ್ಟು ವಯಸ್ಸು ಎಂದು ನನ್ನನ್ನು ಕೇಳಬೇಡಿ. ಪಿಂಚಣಿಯ ಬಗ್ಗೆ ಆ ದಿನ ಅವರ ಮೊಬೈಲಿಗೆ ಯಾವ ಸುದ್ದಿ ಬಂದಿದೆಯೋ ಅದಕ್ಕೆ ತಕ್ಕಷ್ಟು! ಹಗರೆ ಊರಿನ ಈ ನಿವೃತ್ತ ಡ್ರಿಲ್ ಮೇಷ್ಟ್ರು ಪಿಂಚಣಿ ಸುಧಾರಣೆಗೆ ಬೆಳಿಗ್ಗೆ ಜೈ ಎಂದರೆ ಸಂಜೆ ಧಿಕ್ಕಾರ ಕೂಗುತ್ತಾರೆ.

ಒಂದು ದಿನ ಬೇಲೂರಿನ ಖಜಾನೆ ಕಚೇರಿಯ ಮುಂದೆ ಅವರನ್ನು ಕಂಡೆ. ಕೈಯಲ್ಲಿ ಕೋಲು, ಕುಂಟು ನಡಿಗೆ, ಕೆಮ್ಮು ಬೇರೆ! ಗಾಬರಿಯಿಂದ ಓಡಿ, "ಏನಾಯ್ತು ಚಿಕ್ಕಪ್ಪ?" ಎಂದು ಕೂಗಿದೆ.

"ಶ್! ಮೆಲ್ಲಗೆ ಮಾತಾಡ್ಲಾ. ಗಟ್ಟಿಮುಟ್ಟಾಗಿರೋರ ಪಿಂಚಣಿ ಕಮ್ಮಿ ಮಾಡ್ತಾರಂತೆ. ಗ್ರೂಪಲ್ಲಿ ಬಂದೈತೆ."

"ಪೇಪರಲ್ಲಿ ಇಲ್ವಲ್ಲ ಚಿಕ್ಕಪ್ಪ?"

"ಪೇಪರು ನಿನ್ನೇದು ಕಣೋ, ಇದು ಈಗ ಬಂದಿರೋದು!"

ಕಚೇರಿ ದಾಟಿದ್ದೇ ತಡ, ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಹೊರಟಿದ್ದ ಬಸ್ಸನ್ನು ಓಡಿ ಹಿಡಿದರು.

ಆಮೇಲೆ, ಮುದುಕರ ಪಿಂಚಣಿಯೇ ಸರ್ಕಾರಕ್ಕೆ ಭಾರವೆಂಬ ಸುದ್ದಿ ಬಂತು. ಚಿಕ್ಕಪ್ಪ ತಲೆ, ಮೀಸೆ, ಕೊನೆಗೆ ಹುಬ್ಬಿಗೂ ಕಪ್ಪು ಬಳಿಸಿಕೊಂಡು ಮನೆಗೆ ಹೋದರು. ಚಿಕ್ಕಮ್ಮನಿಗೆ ಕಣ್ಣು ಮಂಜು. "ಯಾರಪ್ಪಾ ನೀನು? ಮೇಷ್ಟ್ರು ಮನೇಲಿಲ್ಲ" ಎಂದು ಬಾಗಿಲು ಹಾಕಿಬಿಟ್ಟರು!

ಆದರೆ ಕಳೆದ ವಾರ ಬಂದ ಸುದ್ದಿಗೆ ಅವರು ಯಾವ ವೇಷವನ್ನೂ ಹಾಕಲಿಲ್ಲ. ಗಂಡ ಸತ್ತರೆ ಹೆಂಡತಿಗೆ ಇನ್ನು ಪಿಂಚಣಿ ಇಲ್ಲವಂತೆ. ಚಿಕ್ಕಪ್ಪ ಊಟ ಬಿಟ್ಟು ಕೂತರು.

"ಸುಳ್ಳಿರಬಹುದು ಚಿಕ್ಕಪ್ಪ."

"ಇಷ್ಟೊಂದು ಜನ ಕಳಿಸಿರೋದು ಸುಳ್ಳಾಯ್ತದೇನ್ಲಾ? ಮಕ್ಕಳಿಲ್ಲ, ಇವ್ಳಿಗೆ ಕಣ್ಣು ಸರಿಯಾಗಿ ಕಾಣಾಕಿಲ್ಲ. ನಾನು ಹೋದ್ಮೇಲೆ ಇವ್ಳ ಗತಿ?"

ಆ ದನಿ ಕೇಳಿ ನನಗೆ ತಮಾಷೆ ಮಾಡಲು ಮನಸ್ಸಾಗಲಿಲ್ಲ. ಕೈಹಿಡಿದು ಖಜಾನೆಗೇ ಕರೆದುಕೊಂಡು ಹೋದೆ. ಕುಂಟುವುದನ್ನು ಮರೆತೇಬಿಟ್ಟಿದ್ದರು! ಅಲ್ಲಿ ಕೌಂಟರಿನಲ್ಲಿದ್ದ ಹೆಣ್ಣುಮಗಳು ಮೊಬೈಲ್ ನೋಡಿ, "ಇದು ಶುದ್ಧ ಸುಳ್ಳು ಸಾರ್. ನಿಮ್ಮ ನಂತರ ಅಮ್ಮನಿಗೆ ಕುಟುಂಬ ಪಿಂಚಣಿ ಬಂದೇ ಬರುತ್ತೆ" ಎಂದಳು. ಚಿಕ್ಕಪ್ಪ ಅಟೆನ್ಷನ್ನಿನಲ್ಲಿ ನಿಂತು ಹೊಡೆದ ಸೆಲ್ಯೂಟಿಗೆ ಇಡೀ ಕಚೇರಿ ಬೆಚ್ಚಿಬಿತ್ತು.

ಮನೆಯ ಹೊಸಿಲು ದಾಟುವ ಮೊದಲೇ ಕೂಗಿದರು. "ಕೇಳಿಸ್ತೇನೇ? ನಾನು ಸತ್ರೂ ನಿಂಗೆ ಬತ್ತೈತೆ ಕಣೇ!"

ಇಂಥ ಶುಭಸಮಾಚಾರವನ್ನು ಯಾರಾದರೂ ಹೀಗೆ ಕೂಗುತ್ತಾರೆಯೇ? ನನಗೆ ನಗು ಬಂತು. ಆದರೆ ಚಿಕ್ಕಮ್ಮ ಗೋಡೆ ತಡವಿಕೊಂಡು ಬಂದು, ಗಂಡನ ತೋಳು ಸಿಕ್ಕಿದ ಕೂಡಲೇ ಎರಡೂ ಕೈಯಿಂದ ಹಿಡಿದುಕೊಂಡರು.

"ಆ ಪಿಂಚಣಿ ನಂಗೆ ಯಾವತ್ತೂ ಬರೋದೇ ಬೇಡ ಕಣ್ರೀ."