ಸದ್ದಿಲ್ಲದ ದಾರಿಯಲ್ಲಿ ಮಾಲಗಾಂವಕ್ಕೆ

೧೯೯೭ರ ಡಿಸೆಂಬರ್ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು ಮಿರಜದ ನಮ್ಮ ಮನೆಯಿಂದ ಸೈಕಲ್ ಮೇಲೆ ಹೊರಟೆ. ಮಧ್ಯಾಹ್ನ ಹನ್ನೆರಡಕ್ಕೆ ತಿರುಗಿ ಬಂದಾಗ ಮನೆಯ ಮುಂದೆ ಒಂದು ಜೀಪು, ಒಂದು ಟೆಂಪೊ ಮತ್ತು ಹದಿನೇಳು ಜನ ನೆಂಟರು ಇದ್ದರು. ಈ ಎರಡು ಸಂಗತಿಗಳ ನಡುವಿನ ಸಂಬಂಧವನ್ನು ಆದಷ್ಟು ನಿಷ್ಪಕ್ಷಪಾತವಾಗಿ ಹೇಳಬೇಕೆಂದಿದ್ದೇನೆ. ಆದರೆ ವರದಿ ಬರೆಯುವವನೂ ತಪ್ಪು ಮಾಡಿದವನೂ ಒಬ್ಬನೇ ಆದಾಗ ಅದು ಎಷ್ಟು ಸಾಧ್ಯ ಎಂಬುದನ್ನು ಓದುಗರೇ ತೂಗಿ ನೋಡಬೇಕು.

ನಾನು ಸಾಂಗಲಿಯ ಒಂದು ಮರಾಠಿ ದಿನಪತ್ರಿಕೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸುದ್ದಿ ತಿದ್ದುವವನು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಿಟ್ಟು ಬಂದಾಗ ಎರಡೂ. ನನ್ನ ಮೇಜಿನ ಕಾನೂನು ಒಂದೇ: ಸಾವಿನ ಸುದ್ದಿಯನ್ನು ಎರಡು ಮೂಲಗಳಿಂದ ಖಚಿತಪಡಿಸಿಕೊಳ್ಳದೆ ಅಚ್ಚಿಗೆ ಕಳಿಸುವಂತಿಲ್ಲ. ಹಿಂದೊಮ್ಮೆ ಹೊಸದಾಗಿ ಸೇರಿದವನೊಬ್ಬ ನಿವೃತ್ತ ಹೆಡ್‌ಮಾಸ್ತರರೊಬ್ಬರನ್ನು ನಾಲ್ಕು ಸಾಲಿನಲ್ಲಿ ತೀರಿಸಿಬಿಟ್ಟಿದ್ದ. ಮರುದಿನ ಅವರೇ ಕಚೇರಿಗೆ ಬಂದು, ನಾಲ್ಕು ಸಾಲಿನಲ್ಲಿ ಎರಡು ವ್ಯಾಕರಣದ ತಪ್ಪು ತೋರಿಸಿ, ಚಹಾ ಕುಡಿದು ಹೋದರು. ಅಂದಿನಿಂದ ಹೊಸಬರಿಗೆಲ್ಲ ಈ ಕಾನೂನನ್ನು ನಾನೇ ಬೋಧಿಸುತ್ತ ಬಂದಿದ್ದೇನೆ.

ದೇಶದ ಮಾರುಕಟ್ಟೆ ಹೊರಗಿನ ಕಂಪನಿಗಳಿಗೆ ತೆರೆದುಕೊಂಡ ಮೇಲೆ ನಮ್ಮ ಪತ್ರಿಕೆಗೂ ಭಾನುವಾರದ ಬಣ್ಣದ ಪುರವಣಿ ಬಂತು. ಅದರಲ್ಲಿ ಜಾಹೀರಾತುಗಳೆಲ್ಲ ಮೋಟಾರ್ ಸೈಕಲ್ಲಿನವು, ಲೇಖನಗಳೆಲ್ಲ ನೆಮ್ಮದಿಯ ಬಗ್ಗೆ. ಪುರವಣಿಯ ತರುಣ ಸಂಪಾದಕ ಪುಣೆಯಿಂದ ಬಂದವನು. ಸಾಂಗಲಿ-ಮಿರಜ ರಸ್ತೆಯಲ್ಲಿ ಸ್ಕೂಟರ್ ಮೇಲೆ ದಿನಾ ಎರಡು ಸಲ ಓಡಾಡುತ್ತ, ಕುಪವಾಡದ ಕಾರ್ಖಾನೆಗಳ ಲಾರಿಗಳ ನಡುವೆ ನುಸುಳಿ ಬರುವ ನನ್ನ ಮುಖ ನೋಡಿ ಅವನಿಗೆ ಏನನ್ನಿಸಿತೋ, “ವಾಹನವೇ ಇಲ್ಲದ ಹಳ್ಳಿಯ ದಾರಿಗಳಲ್ಲಿ ಸೈಕಲ್ ಪ್ರವಾಸ, ಹಳೆಯ ಊರು, ಹಳೆಯ ಬಾವಿ, ಹಾರ್ನ್ ಕೇಳಿಸದ ಒಂದು ಬೆಳಗು. ನೀವೇ ಬರೀರಿ,” ಎಂದ. ಜೊತೆಗೆ ಒಂದು ವಿದೇಶಿ ಮಾಸಪತ್ರಿಕೆಯನ್ನೂ ಕೊಟ್ಟ. ಮೊದಲ ಒಂದು ತಾಸು ಸೈಕಲ್ಲಿನಿಂದ ಇಳಿಯಬಾರದು, ಮೈ ತಣ್ಣಗಾಗುತ್ತದೆ; ದಾರಿಯಲ್ಲಿ ಕಂಡಲ್ಲಿ ನೀರು, ಚಹಾ ಕುಡಿಯಬಾರದು; ದೂರಕ್ಕೆ ಕಾಣುವಂತೆ ಬಿಳಿ ಬಟ್ಟೆ ಹಾಕಬೇಕು ಎಂದೆಲ್ಲ ಅದರಲ್ಲಿತ್ತು. ಅಚ್ಚಾದದ್ದನ್ನು ನಂಬುವುದು ಪತ್ರಿಕೆಯವರ ಹಳೆಯ ಕಾಯಿಲೆ.

ಹೊರಡುವಾಗ ಅವ್ವ ಕಟ್ಟೆಯ ಮೇಲೆ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಅವಳಿಗೆ ಎಪ್ಪತ್ತನಾಲ್ಕು. ಐವರು ಒಡಹುಟ್ಟಿದವರಲ್ಲಿ ಉಳಿದವರು ಅವಳು ಮತ್ತು ಮಾಲಗಾಂವದಲ್ಲಿರುವ ತಂಗಿ, ನನ್ನ ಸುಶೀಲಾ ಮಾವಶಿ, ಇಬ್ಬರೇ. ಆ ಇಬ್ಬರೂ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದರು. ಮಾವಶಿಯ ಮೊಮ್ಮಗನ ನಾಮಕರಣದ ದಿನ ಅವ್ವ, “ಕನ್ನಡದ ಜೈನರ ಮನಿ ಇದು, ಜೋಗುಳಾ ಹಾಡಾಕ ಒಬ್ಬಾಕಿಗೂ ಬರೂದಿಲ್ಲ, ಎಲ್ಲಾ ಮರಾಠಿ ಆಗ್ಯಾವ,” ಎಂದಿದ್ದಳು. ಮಾವಶಿ ತೊಟ್ಟಿಲ ಹಗ್ಗ ಕೈಯಲ್ಲಿ ಹಿಡಿದೇ, “ನಿನ್ನ ಮಗಾ ದಿನಾ ಮರಾಠಿ ಬರದ ಹೊಟ್ಟಿ ತುಂಬಸ್ಕೋತಾನಲ್ಲ, ಮೊದ್ಲ ಅವಗ ಹೇಳ,” ಎಂದಳು. ಎರಡೂ ಹೇಳಿಕೆಗಳು ಸತ್ಯವಾಗಿದ್ದವು. ಜಗಳ ಅಷ್ಟು ವರ್ಷ ಬಾಳಿಕೆ ಬಂದದ್ದು ಅದಕ್ಕೇ ಇರಬೇಕು. ಈಚೆಗೆ ಅವ್ವ, “ನಾವಿಬ್ಬರೂ ಹಿಂಗ ಒಬ್ಬೊಬ್ಬರ ಹೋಗೂದ ಏನೋ,” ಎಂದು ತನ್ನಷ್ಟಕ್ಕೆ ತಾನೇ ಅನ್ನುತ್ತಿದ್ದಳು. ಎದುರಿಗೆ ಯಾರಾದರೂ ಕೇಳಿಸಿಕೊಂಡರೆ ಮಾತು ಹೊರಳಿಸುತ್ತಿದ್ದಳು. ಅಂದು ಮುಂಜಾನೆ ನನಗೂ ತಾಕೀತು ಮಾಡಿದಳು: “ಮಾಲಗಾಂವದ ಮ್ಯಾಲ ಹೊಂಟಿ. ಅಕೀ ಹೆಂಗದಾಳ ನೋಡ್ಕೊಂಡ ಬಾ. ಆದರ ನನ್ನ ಸುದ್ದಿ ಏನೂ ಹೇಳಬ್ಯಾಡ. ಆಣಿ ಐತಿ.”

ಬಿಳಿ ಪೈಜಾಮ, ಬಿಳಿ ಅಂಗಿ, ಚಳಿಗೆಂದು ತಲೆಗೆ ಸುತ್ತಿದ ಬಿಳಿ ಟವೆಲ್ಲು. ಮಿರಜದ ಗದ್ದಲ ಹಿಂದೆ ಬಿದ್ದ ಮೇಲೆ ಎರಡೂ ಬದಿಗೆ ದ್ರಾಕ್ಷಿ ತೋಟ, ಕಬ್ಬು, ಮಂಜು. ದಾರಿಯಲ್ಲಿ ಔಷಧ ಹೊಡೆಯುತ್ತಿದ್ದ ರೈತರೊಬ್ಬರು ಕೈ ನಿಲ್ಲಿಸಿ, “ಗಾಡಿ ಬಂದ್ ಬಿತ್ತೇನ್ರಿ?” ಎಂದರು.

“ಇಲ್ರಿ. ಸುಮ್ನ ಸೈಕಲ್ ಮ್ಯಾಲ ಹೊಂಟೇನಿ.”

“ಸುಮ್ನ ಯಾಕ?”

ಇದಕ್ಕೆ ವಿದೇಶಿ ಮಾಸಪತ್ರಿಕೆಯಲ್ಲಿ ಉತ್ತರ ಇರಲಿಲ್ಲ. ಅವರು ನನ್ನನ್ನು ಮರುಕದಿಂದ ನೋಡಿದರು. ನಾನು ಪೆಡಲ್ ತುಳಿದೆ.

ಮಾಲಗಾಂವದಲ್ಲಿ ಮಾವಶಿ ಅಂಗಳ ಸಾರಿಸುತ್ತಿದ್ದಳು. ನಾನು ಒಂದು ಕಾಲು ನೆಲಕ್ಕೆ ಊರಿ, ಇನ್ನೊಂದು ಪೆಡಲ್ ಮೇಲೆಯೇ ಇಟ್ಟು ನಿಂತೆ. ಹೊರಟು ಒಂದು ತಾಸು ಆಗಲು ಇನ್ನೂ ಹತ್ತು ನಿಮಿಷ ಇತ್ತು.

“ಬಾಬೂ? ಇಷ್ಟ ಮುಂಜಾನಿ? ಸೈಕಲ್ ಮ್ಯಾಲ?” ಎಂದಳು ಮಾವಶಿ.

“ಹೂಂ ರಿ. ಇವತ್ತ ಸೈಕಲ್ ಮ್ಯಾಲನ ಬರಬೇಕಾಗಿತ್ತು.”

“ಇಳಿ, ಚಹಾ ಮಾಡ್ತೇನಿ.”

“ಬ್ಯಾಡ್ರಿ, ಇಳಿಯಂಗಿಲ್ಲ.”

“ನೀರರೆ ಕುಡಿ.”

“ಅದೂ ಬ್ಯಾಡ್ರಿ.”

ಮಾವಶಿಯ ಕೈಯಿಂದ ಸಗಣಿಯ ಬುಟ್ಟಿ ಜಾರಿತು. “ಅಕ್ಕ ಹೆಂಗದಾಳ?” ಎಂದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ ಕೇಳಿದ ಪ್ರಶ್ನೆ. ನಾನು ಆಣೆಗೆ ಬದ್ಧ. ಆದರೂ ಎರಡು ಮನೆಗಳನ್ನು ಕೂಡಿಸುವ ಅವಕಾಶ ಬಿಡಬಾರದೆಂದು, “ನಾ ಏನೂ ಹೇಳಂಗಿಲ್ರಿ ಮಾವಶಿ. ನೀವ ಒಂದ್ಸಲ ಬಂದ ನೋಡ್ರಿ,” ಎಂದೆ. ಅವಳು ಕಂಬ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದಳು. ಮನಸ್ಸು ಕರಗಿತೆಂದು ತಿಳಿದ ನಾನು, ಒಳ್ಳೆಯ ಕೆಲಸ ಮಾಡಿದ ಸಂತೋಷದಲ್ಲಿ ಸೈಕಲ್ ತಿರುಗಿಸಿದೆ.

ಮುಂದಿನ ಮೂರು ತಾಸು ನನ್ನ ಜೀವನದ ಶ್ರೇಷ್ಠ ತಾಸುಗಳು. ಆಚೆಯ ಹಳ್ಳಿಗಳಲ್ಲಿ ಬಾಗಿಲು ಮಾತ್ರ ಉಳಿದ ವಾಡೆಗಳಿದ್ದವು. ಗೋಡೆಗೆ ಒರಗಿ ನಿಂತ ವೀರಗಲ್ಲಿಗೆ ಯಾರೋ ಎಮ್ಮೆ ಕಟ್ಟಿದ್ದರು. ಮೆಟ್ಟಿಲಿಳಿದು ಹೋಗುವ ಒಂದು ಕಲ್ಲಿನ ಬಾವಿಯ ತಳದಲ್ಲಿ ಪಾರಿವಾಳಗಳ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ಟಿಪ್ಪಣಿ ಪುಸ್ತಕದಲ್ಲಿ ‘ನಿಶ್ಶಬ್ದ’ ಎಂದು ಮೂರು ಕಡೆ ಬರೆದುಕೊಂಡೆ. ಆ ಹೊತ್ತಿಗೆ ಮಾಲಗಾಂವದಲ್ಲಿ ನಿಶ್ಶಬ್ದ ಇರಲಿಲ್ಲವೆಂದು ನನಗೆ ಹೇಗೆ ಗೊತ್ತಾಗಬೇಕು?

ನಾನು ಮರೆತದ್ದು ಇಷ್ಟೇ. ನಮ್ಮ ಕಡೆ ಫೋನುಗಳು ಬರುವ ಮುಂಚೆ ಸಾವಿನ ಸುದ್ದಿಯನ್ನು ಹಳ್ಳಿ ಹಳ್ಳಿಗೆ ಮುಟ್ಟಿಸಲು ಒಬ್ಬನನ್ನು ಮುಂಜಾನೆಯೇ ಸೈಕಲ್ ಮೇಲೆ ಕಳಿಸುತ್ತಿದ್ದರು. ಆ ಮನುಷ್ಯ ಸೈಕಲ್ಲಿನಿಂದ ಇಳಿಯುವುದಿಲ್ಲ. ಹೊಸ್ತಿಲು ದಾಟುವುದಿಲ್ಲ, ನೀರು ಮುಟ್ಟುವುದಿಲ್ಲ. ಹೋದರು ಎಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ‘ಬಂದು ನೋಡಿ’ ಎಂದಷ್ಟೇ ಹೇಳಿ ಮುಂದಿನ ಊರಿಗೆ ಹೋಗುತ್ತಾನೆ. ಚಿಕ್ಕಂದಿನಲ್ಲಿ ಇಂಥವರನ್ನು ನಾನೇ ಎಷ್ಟೋ ಸಲ ಕಂಡಿದ್ದೆ. ಅವರಲ್ಲಿ ಒಬ್ಬನೂ ನನ್ನಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿರಲಿಲ್ಲ.

ಮಾವಶಿಯ ಮಗ ಬಾಳಾಸಾಹೇಬ ಹೊಸ ಕಾಲದವನು. ಅಳುವ ಮೊದಲು ನಮ್ಮ ಮನೆಗೆ ಮೂರು ಸಲ ಫೋನ್ ಮಾಡಿದ. ನಮ್ಮ ಓಣಿಯಲ್ಲಿ ರಸ್ತೆ ಅಗಲ ಮಾಡಲು ಅಗೆದವರು ಎರಡು ದಿನದ ಹಿಂದೆಯೇ ಫೋನಿನ ತಂತಿ ಕತ್ತರಿಸಿದ್ದರು. “ಕೋಣೀ ಉಚಲತ್ ನಾಹೀ,” ಯಾರೂ ಎತ್ತುತ್ತಿಲ್ಲ, ಎಂದು ಅವನು ತಾಯಿಗೆ ಹೇಳಿದ. ಹೀಗೆ ಸುದ್ದಿ ಎರಡನೆಯ ಮೂಲದಿಂದಲೂ ಖಚಿತವಾಯಿತು.

ಇನ್ನು ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಪ್ರತ್ಯಕ್ಷದರ್ಶಿ ನನ್ನ ಹೆಂಡತಿ. ಹತ್ತು ಗಂಟೆಗೆ ಜೀಪು ಓಣಿಯ ಬಾಯಿಗೆ ಬಂದಾಗಲೇ ಮಾವಶಿಯ ದನಿ ಕೇಳಿಸಿತಂತೆ. ಅವಳು ಅತ್ತದ್ದು ಅಪ್ಪಟ ಕನ್ನಡದಲ್ಲಿ. “ಅಕ್ಕಾ, ನನ್ನ ಎಣ್ಣಿ ಹಚ್ಚಿ ಎರದಾಕಿ, ನನ್ನ ಒಬ್ಬಾಕಿನ್ನ ಬಿಟ್ಟ ಹೋದ್ಯಾ...” ಅವ್ವ ಕಟ್ಟೆಯ ಮೇಲೆ ಅದೇ ಜೋಳದ ಮೊರ ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ಕೇಳಿದಳು. ಜೀಪು ನಿಂತಿತು. ಮಾವಶಿ ಇಳಿದಳು, ಕಂಡಳು, ದನಿ ಅರ್ಧಕ್ಕೆ ನಿಂತಿತು.

“ಯಾರ ಹೋದ್ರ?” ಎಂದಳು ಅವ್ವ.

“ನೀ.”

“ಯಾವಾಗ?”

“ಮುಂಜಾನಿ. ನಿನ್ನ ಮಗನ ಬಂದ ಹೇಳ್ಯಾನ.”

“ಅಂವ ಪೇಪರ್‌ದಾಂವ. ಅಂವ ಹೇಳಿದ್ದ ನಂಬತಾರೇನ?”

ಮಾವಶಿ ಸಿಟ್ಟಿನಿಂದ ಜೀಪಿನ ಕಡೆ ತಿರುಗಿದಳಂತೆ. ಅವ್ವ ಮೊರ ಕೆಳಗಿಟ್ಟು, “ಸುಶೀ, ಯಾಕ ನಿಲ್ಲಿಸಿದಿ? ಛಲೋ ಅಳಾಕತ್ತಿದ್ದಿ,” ಎಂದಳು. ಆಮೇಲೆ ಇಬ್ಬರೂ ಅತ್ತರು, ಈ ಸಲ ಕಾರಣವಿಲ್ಲದೆ. ಟೆಂಪೊದಲ್ಲಿ ಬಂದವರು ಕೆಳಗಿಳಿಯಬೇಕೋ ಬೇಡವೋ ತಿಳಿಯದೆ ಕೂತಿದ್ದರು.

ನಾನು ಬಂದಾಗ ಹೊಸ ವಾದ ಶುರುವಾಗಿತ್ತು. ಸಾವಿಗೆಂದು ಮನೆಯಿಂದ ಹೊರಟವಳು ಸ್ನಾನ ಮಾಡದೆ ತಿರುಗಿ ಹೋಗುವಂತಿಲ್ಲ ಎಂದು ಮಾವಶಿ. “ಸತ್ತಿಲ್ಲಲ್ಲ, ಜಳಕಾ ಯಾಕ?” ಎಂದು ಅವ್ವ. “ನೀ ಸತ್ತಿಲ್ಲ ಖರೆ, ನಾ ಅತ್ತೇನಲ್ಲ!” ಎಂದು ಮಾವಶಿ. ಕೊನೆಗೆ ಹಂಡೆಗೆ ಬೆಂಕಿ ಹಾಕಲಾಯಿತು. ಉಡಲು ಬೇರೆ ಸೀರೆ ತಂದಿರಲಿಲ್ಲ, ಅವ್ವನ ಹಸಿರು ಇಳಕಲ್ ಸೀರೆ ಹೊರಬಂತು. ಕೂದಲು ಒಣಗುವಷ್ಟರಲ್ಲಿ ಹೊತ್ತು ಇಳಿದಿತ್ತು. ಜೈನ ನೇಮದಂತೆ ಸೂರ್ಯ ಮುಳುಗುವ ಮುಂಚೆ ಊಟ ಆಗಬೇಕಾದ ಇಬ್ಬರೂ ಒಂದೇ ಸಾಲಿಗೆ ಕೂತರು. ಬಡಿಸುವಾಗ ನನ್ನ ಹೆಂಡತಿ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಹದಿನೇಳು ಜನಕ್ಕೆ ರೊಟ್ಟಿ ತಟ್ಟಿದವಳು ಅವಳು.

ಮಾವಶಿ ಮೂರು ದಿನ ಇದ್ದಳು. ನನ್ನ ಲೇಖನ ಪುರವಣಿಯಲ್ಲಿ ಬಂತು, ಮಾಲಗಾಂವದ ಭಾಗ ಬಿಟ್ಟು. ಮುಂದಿನ ಭಾನುವಾರ ಆ ಕಲ್ಲಿನ ಬಾವಿಯ ಮುಂದೆ ಮೋಟಾರ್ ಸೈಕಲ್ಲುಗಳು ನಿಂತಿದ್ದವೆಂದು ಬಾಳಾಸಾಹೇಬ ತಿಳಿಸಿದ.

ಮಾವಶಿ ಊರಿಗೆ ಹೋಗುವಾಗ ಹಸಿರು ಸೀರೆ ಉಟ್ಟೇ ಹೋಗಿದ್ದಳು. ಅದನ್ನು ತರಬೇಕೆಂದು ಅವ್ವ ಕಳೆದ ಬುಧವಾರ ಬಸ್ಸು ಹತ್ತಿ ಮಾಲಗಾಂವಕ್ಕೆ ಹೋದಳು. ಇಂದು ಮಂಗಳವಾರ. ಇನ್ನೂ ತಿರುಗಿ ಬಂದಿಲ್ಲ.