ಲಿನಕ್ಸ್ ಹಾಕಿ ಮಾನ ಕಳಕೊಂಡದ್ದು

'ಗೊತ್ತಿಲ್ಲ' ಅನ್ನೋ ಮೂರಕ್ಷರ ಬಾಯಿಗೆ ಬಾರದವರಿಗೆ ಇಂಥವು ಆಗ್ತಲೇ ಇರ್ತವೆ. ನನಗಂತೂ ಒಂದೇ ಲ್ಯಾಪ್‌ಟಾಪಿನಿಂದ ಒಂದು ವಾರವಿಡೀ ಆಯಿತು.

ಆಗ ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳೋ ಕೆಲಸ ನನ್ನದು. ಓನರ್ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದರು. "ವಿಂಡೋಸ್ ತೆಗೆದು ಲಿನಕ್ಸ್ ಹಾಕ್ಕೊಡ್ತೀನಿ ಸಾರ್, ವೈರಸ್ ಹತ್ರ ಸುಳಿಯಲ್ಲ" ಅಂದೆ. ಹಾಕಿದೆ. ವೈರಸ್ ಬರಲಿಲ್ಲ. ವೈಫೈನೂ ಬರಲಿಲ್ಲ.

ಸೈಬರ್ ಸೆಂಟರಿನ ಅಕ್ಕ

ವೈಫೈ ಕಾರ್ಡಿಗೆ ಡ್ರೈವರ್ ಅನ್ನೋ ಫೈಲು ಬೇಕಿತ್ತು. ಆಫೀಸಿನಲ್ಲಿ ಹುಡುಕಿದರೆ ನನಗೆ ಬರಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತೆ. ಅದಕ್ಕೆ ಪೆನ್ ಡ್ರೈವ್ ಜೇಬಿಗೆ ಹಾಕಿಕೊಂಡು ಲಗ್ಗೆರೆಯ ಸೈಬರ್ ಸೆಂಟರಿಗೆ ಹೋದೆ. ಇಳಿಸಿ ತಂದರೆ, ಆ ಫೈಲು ಇನ್ನೊಂದು ಫೈಲು ಕೇಳಿತು. ಅದನ್ನು ತಂದರೆ ಅದು ಮತ್ತೊಂದನ್ನು ಕೇಳಿತು. ನಾಲ್ಕನೇ ಸಲ ಹೋದಾಗ ಸೆಂಟರ್ ನಡೆಸೋ ಅಕ್ಕ ಕೇಳಿದರು, "ಅಣ್ಣಾ, ಲ್ಯಾಪ್‌ಟಾಪೇ ತಂದು ಇಲ್ಲಿ ವೈರ್ ಚುಚ್ಚಿದ್ರೆ, ಬೇಕಾದ್ದೆಲ್ಲ ಅದೇ ಇಳಿಸ್ಕೊಳಲ್ವಾ?"

ಹೌದಲ್ಲ! ಕಿವಿಯೆಲ್ಲ ಬಿಸಿಯಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಅದೆಲ್ಲ ಸೇಫ್ ಅಲ್ಲ ಅಕ್ಕ" ಅಂದೆ.

ಕಪ್ಪು ಪರದೆ

ಮಾರನೇ ದಿನ ಕಪ್ಪು ಪರದೆ ತೆರೆದು, ಯಾರೋ ಇಂಟರ್ನೆಟ್ಟಿನಲ್ಲಿ ಬರೆದಿದ್ದ ಕಮಾಂಡನ್ನೇ ನೋಡಿ ನೋಡಿ ಹೊಡೆಯುತ್ತಿದ್ದೆ. ಬಿಳಿ ಅಕ್ಷರ ಸರಸರ ಓಡುತ್ತಿತ್ತು. ಓನರ್ ಬಂದು ಬೆನ್ನ ಹಿಂದೆ ನಿಂತರು. ಮುಖದಲ್ಲಿ ಭಕ್ತಿ.

"ಎಲ್ಲಿಗೆ ಬಂತು?"

"ಮುಕ್ಕಾಲು ಮುಗೀತು ಸಾರ್."

ಪಕ್ಕದ ಟೇಬಲಿನ ಅಕೌಂಟ್ಸ್ ಮೇಡಂ ಕತ್ತು ಚಾಚಿ ನೋಡಿದರು. "ಫೈಲ್ ನಾಟ್ ಫೌಂಡ್, ಫೈಲ್ ನಾಟ್ ಫೌಂಡ್ ಅಂತ್ಲೇ ಬರ್ತಿದೆಯಲ್ಲ?"

"ಅದು ಲಿನಕ್ಸ್ ಭಾಷೆ ಮೇಡಂ, ನಿಮಗೆ ಅರ್ಥ ಆಗಲ್ಲ."

"ಓ, ಸಾರಿ. ನಾನು ಇಂಗ್ಲಿಷ್ ಅನ್ಕೊಂಡೆ."

ಆನೇಕಲ್‌ನಿಂದ ಬಂದವರು

ಕೊನೆಗೆ ಡ್ರೈವರ್ ಏನೋ ಕೂತಿತು. ಲ್ಯಾಪ್‌ಟಾಪ್ ಈಗ ಕಾರ್ಡಿನ ಹೆಸರು ತೋರಿಸುತ್ತಿತ್ತು, ನೆಟ್‌ವರ್ಕ್ ಮಾತ್ರ ಒಂದೂ ತೋರಿಸುತ್ತಿರಲಿಲ್ಲ. "ಕಾರ್ಡೇ ಸುಟ್ಟುಹೋಗಿದೆ ಸಾರ್, ಲ್ಯಾಪ್‌ಟಾಪ್ ಮಾರಿದವನು ಮೋಸ ಮಾಡಿದ್ದಾನೆ" ಅಂದೆ. "ಹಾಗಾದ್ರೆ ಇನ್ನು ಅವನ ಹತ್ರ ಏನೂ ತಗೊಳ್ಳಲ್ಲ" ಅಂದರು ಓನರ್. ಅವರೆದುರೇ ಮಾರಿದವನಿಗೆ ಫೋನ್ ಮಾಡಿ ಕೂಗಾಡಿದೆ. "ನಾನು ಎಂಜಿನಿಯರ್ ಕಣ್ರೀ! ನನಗೇ ಟೋಪಿ ಹಾಕ್ತೀರಾ?" ಓದಿದ್ದು ಡಿಪ್ಲೊಮಾ, ಅದೂ ಅರ್ಧ.

ಮಾರನೇ ದಿನ ಆ ಮಾರಿದವರೇ ಬಂದರು, ನೋಡಿದರೆ ನಮ್ಮಪ್ಪನ ವಯಸ್ಸಿನವರು. ಆನೇಕಲ್‌ನಿಂದ ಮೂರು ಬಸ್ಸು ಬದಲಾಯಿಸಿ, ಹೊಸ ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತಂದಿದ್ದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು, "ತಪ್ಪಾಯ್ತು ಸಾ" ಅಂತ ನನಗೆ ಕೈ ಮುಗಿದರು. ನಾನು ಬಿಗುಮಾನದಿಂದ ಲ್ಯಾಪ್‌ಟಾಪ್ ತಳ್ಳಿದೆ.

ಅವರು ಸ್ಕ್ರೂ ಬಿಚ್ಚಲೇ ಇಲ್ಲ. ಲ್ಯಾಪ್‌ಟಾಪಿನ ಮುಂದಿನ ಅಂಚಿನಲ್ಲಿದ್ದ ಅಕ್ಕಿಕಾಳಿನಷ್ಟು ವೈಫೈ ಸ್ವಿಚ್ಚನ್ನು ಉಗುರಿನಿಂದ ಪಕ್ಕಕ್ಕೆ ಸರಿಸಿದರು. ನೀಲಿ ದೀಪ ಹತ್ತಿತು. ಪರದೆ ಮೇಲೆ ಏಳು ನೆಟ್‌ವರ್ಕ್ ಸಾಲಾಗಿ ಬಂದವು.

ಮೇಡಂ ಲೆಡ್ಜರಿನೊಳಗೆ ಮುಖ ಹುದುಗಿಸಿದರು. ಅವರ ಭುಜ ಮಾತ್ರ ಕುಲುಕುತ್ತಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

"ಇಷ್ಟೇನಾ?" ಅಂದರು ಓನರ್. "ಫೋನಲ್ಲೇ ಹೇಳ್ಬಹುದಿತ್ತಲ್ರೀ, ಪಾಪ, ಅಷ್ಟು ದೂರದಿಂದ ಯಾಕ್ ಬಂದ್ರಿ?"

ಆ ಹಿರಿಯರು ನನ್ನ ಕಡೆ ನೋಡಿ, ತಾನೇ ತಪ್ಪು ಮಾಡಿದವರಂತೆ ತಲೆ ತಗ್ಗಿಸಿದರು.

"ಕೇಳಾವ ಅನ್ಕಂಡೆ ಸಾ. ಆದ್ರೆ ಇವ್ರು ಇಂಜಿನಿಯರ್ರು ಅಂದ್ರು. ಅಂತೋರ್ನ 'ಸ್ವಿಚ್ ಹಾಕಿದ್ದೀರಾ' ಅಂತ ಎಂಗೆ ಕೇಳಾದು? ನಂಗೇ ನಾಚ್ಕೆ ಆಯ್ತು."