ಅಣ್ಣನ ಸೈಕಲ್ಲಿಗೆ ಏನು ಹಾಕಿಸಲಿ?

ಹೋಟೆಲಿಗೆ ಹೋದರೆ ನಾನು ಮೆನು ಕಾರ್ಡು ಕೇಳುವುದಿಲ್ಲ. ಪಕ್ಕದ ಟೇಬಲ್ಲಿನವರು ತಿನ್ನುತ್ತಿರುವುದನ್ನು ಓರೆಗಣ್ಣಿನಲ್ಲಿ ನೋಡಿ, “ಅದನ್ನೇ ಕೊಡಿ” ಎನ್ನುತ್ತೇನೆ. ಪಕ್ಕದ ಟೇಬಲ್ಲು ಖಾಲಿಯಿದ್ದರೆ ಯಾರಾದರೂ ಬಂದು ಕೂರುವ ತನಕ ನೀರು ಕುಡಿಯುತ್ತಿರುತ್ತೇನೆ. ಇಂಥ ನಾನು ಪೀಣ್ಯದ ಒಂದು ಗೇರು ಕಾರ್ಖಾನೆಯಲ್ಲಿ ಹದಿನೇಳು ವರ್ಷದಿಂದ ಮಾಡುತ್ತಿರುವ ಕೆಲಸವನ್ನು ಹೇಳಿದರೆ ನೀವು ನಗಬಹುದು. (ಗೇರು ಎಂದರೆ ಗೋಡಂಬಿಯಲ್ಲ, ಹಲ್ಲಿನ ಚಕ್ರ.) ತಯಾರಾಗಿ ಬಂದ ಚಕ್ರಗಳನ್ನು ಅಳೆದು ಇದು ಪಾಸು, ಇದು ರಿಜೆಕ್ಟು ಎಂದು ತೀರ್ಮಾನ ಕೊಡುವುದು ನನ್ನ ಕೆಲಸ. ದಿನಕ್ಕೆ ನೂರಾರು ತೀರ್ಮಾನ. ಒಂದಕ್ಕೂ ಎರಡನೆಯ ಸಲ ಯೋಚಿಸಿದ್ದಿಲ್ಲ. ಏಕೆಂದರೆ ಅಲ್ಲಿ ಎದುರಿಗೆ ಡ್ರಾಯಿಂಗ್ ಇರುತ್ತದೆ, ಯಾವುದು ಎಷ್ಟಿರಬೇಕು ಎಂದು ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟಿರುತ್ತಾರೆ. ಡ್ರಾಯಿಂಗ್ ಇಲ್ಲದ ಕಡೆ ನನ್ನ ಬುದ್ಧಿ ಕೈಕಟ್ಟಿ ಕುಳಿತುಬಿಡುತ್ತದೆ. ನಮ್ಮಣ್ಣನ ಸೈಕಲ್ಲಿಗೆ ಡ್ರಾಯಿಂಗ್ ಇರಲಿಲ್ಲ.

ಅದು ಬಿಎಂಎಕ್ಸ್, ಪುಟ್ಟ ಚಕ್ರದ ಸಾಹಸದ ಸೈಕಲ್ಲು. ಅದರಲ್ಲೂ ಫ್ಲಾಟ್‌ಲ್ಯಾಂಡ್ ಆಟದ್ದು. ಫ್ಲಾಟ್‌ಲ್ಯಾಂಡ್ ಎಂದರೆ ಎಲ್ಲಿಗೂ ಹೋಗದ ಸೈಕಲ್ ಸವಾರಿ. ಸಮತಟ್ಟಾದ ಸಿಮೆಂಟು ನೆಲದ ಮೇಲೆ, ಚಕ್ರದ ಅಚ್ಚಿನಿಂದ ಎರಡೂ ಪಕ್ಕಕ್ಕೆ ಚಾಚಿರುವ ಪೆಗ್ ಎಂಬ ಬೆರಳುದ್ದದ ಕೊಳವೆಗಳ ಮೇಲೆ ನಿಂತು, ಒಂದು ಚಕ್ರವನ್ನು ಗಾಳಿಗೆತ್ತಿ ಗಿರಗಿರ ಸುತ್ತುವುದು. ರಾಜಗೋಪಾಲನಗರದಲ್ಲಿದ್ದಾಗ ಅಣ್ಣ ಪ್ರಕಾಶ ಅದನ್ನು ಯಾರಿಂದಲೋ ಹಳೆಯದನ್ನೇ ತಂದು, ಬಾಗಿಲು ಮುಚ್ಚಿದ ಒಂದು ವರ್ಕ್‌ಶಾಪಿನ ಅಂಗಳದಲ್ಲಿ ಬಿದ್ದು ಎದ್ದು ಕಲಿತ. ಅವನು ಬಿದ್ದಾಗ ಡೆಟ್ಟಾಲು ಹಚ್ಚುವುದು ನನ್ನ ಕೆಲಸವಾಗಿತ್ತು. ಹಚ್ಚಿ ಹಚ್ಚಿ ಬೇಸರವಾಗಿ ನಾನೂ ಹತ್ತಿದೆ. ಲಂಗದೊಳಗೆ ಅಣ್ಣನ ಹಳೆಯ ಪ್ಯಾಂಟು ಏರಿಸಿಕೊಂಡು, ಮುಂದಿನ ಪೆಗ್ಗುಗಳ ಮೇಲೆ ನಿಂತು ಸುತ್ತುವುದನ್ನು ಕಲಿತೆ. ಆಮೇಲೆ ಅವನು ಅತ್ತಿಬೆಲೆಯ ಒಂದು ಕಂಪನಿಗೆ ಸೇರಿದ. ಬೆನ್ನಿನ ಡಿಸ್ಕ್ ಜರುಗಿ ಸೊಂಟಕ್ಕೆ ಬೆಲ್ಟು ಬಂತು. ಸೈಕಲ್ಲು ನನ್ನ ಮನೆಗೆ ಬಂತು. “ಅದನ್ನ ನನ್ನ ಕಣ್ಣಿಗೆ ಬೀಳದ ಹಾಗೆ ಇಟ್ಕೋ ಭಾಗಿ” ಎಂದಿದ್ದ. ಹಾಗೆಯೇ ಇಟ್ಟುಕೊಂಡಿದ್ದೆ. ಬಾಡಿಗೆ ಮನೆ ಬದಲಾಯಿಸಿದಾಗಲೆಲ್ಲ ಅದೂ ನಮ್ಮ ಜೊತೆ ಟೆಂಪೋ ಹತ್ತಿ ಇಳಿಯುತ್ತಿತ್ತು.

ತೊಂದರೆ ಶುರುವಾದದ್ದು ಕ್ಯಾಂಟೀನಿನಲ್ಲಿ. ಆಯುಧಪೂಜೆಯ ಕಾರ್ಯಕ್ರಮಕ್ಕೆ ಯಾರು ಏನು ಮಾಡುತ್ತೀರಿ ಎಂಬ ಮಾತು ಬಂದಾಗ, ನಾನು ಚಿತ್ರಾನ್ನದ ಸಂತೋಷದಲ್ಲಿ ಹಳೆಯ ಸಾಹಸ ಹೇಳಿಕೊಂಡೆ. ಯಾರೋ ಪಟ್ಟಿಯಲ್ಲಿ ‘ಭಾಗ್ಯ ಮೇಡಂ, ಸೈಕಲ್ ಸಾಹಸ’ ಎಂದು ಬರೆದೇಬಿಟ್ಟರು. ಹೊಡೆದುಹಾಕಲೋ ಬೇಡವೋ ಎಂದು ನಾನು ಯೋಚಿಸುವಷ್ಟರಲ್ಲಿ ಪಟ್ಟಿ ನೋಟೀಸ್ ಬೋರ್ಡಿಗೆ ಹತ್ತಿತು. ಅಣ್ಣನಿಗೆ ಫೋನು ಮಾಡಿದೆ. ಬೈಯುತ್ತಾನೆ, ಬೈದರೆ ಅದನ್ನೇ ನೆಪ ಮಾಡಿ ತಪ್ಪಿಸಿಕೊಳ್ಳೋಣ ಎಂದಿತ್ತು. ಅವನು ಬೈಯಲಿಲ್ಲ, “ನಾನೂ ನೋಡೋಕೆ ಬರ್ತೀನಿ ಕಣೇ” ಎಂದ. ಕಣ್ಣಿಗೆ ಬೀಳಬಾರದು ಎಂದವನು ಬರುತ್ತೇನೆ ಎಂದ ಮೇಲೆ ಇನ್ನು ತಪ್ಪಿಸಿಕೊಳ್ಳುವುದೆಲ್ಲಿ?

ನಾವಿರುವುದು ಬಾಗಲಗುಂಟೆಯಲ್ಲಿ. ನಮ್ಮ ಓನರ್ ತಾತ ಚಿಕ್ಕಹನುಮಯ್ಯನವರು ಒಂದು ಕಾಲಕ್ಕೆ ರಾಗಿ ಬಡಿಯುತ್ತಿದ್ದ ಕಣಕ್ಕೆ ಈಗ ಸಿಮೆಂಟು ಹಾಕಿಸಿ ಬಾಡಿಗೆದಾರರ ಗಾಡಿ ನಿಲ್ಲಿಸಲು ಬಿಟ್ಟಿದ್ದಾರೆ. ಆ ಭಾನುವಾರ ಬೆಳಿಗ್ಗೆ ಗಾಡಿಗಳನ್ನು ಪಕ್ಕಕ್ಕೆ ತಳ್ಳಿ ಸೈಕಲ್ಲು ಹತ್ತಿದೆ. ಎರಡು ಸುತ್ತಿಗೆ ಕೆಳಗಿದ್ದೆ. ಮುಂದಿನ ಚಕ್ರ ಕಾಲ ಬೆರಳಿಗೆ ತಾಗುತ್ತಿತ್ತು, ಹ್ಯಾಂಡಲ್ಲು ಹಟಮಾರಿ ಎಮ್ಮೆಯ ಹಾಗೆ ತನಗೆ ಬೇಕಾದ ಕಡೆ ತಿರುಗುತ್ತಿತ್ತು. ಹಳೆಯ ಸೈಕಲ್ಲು, ಏನಾದರೂ ಬದಲಾಯಿಸಬೇಕು ಅನ್ನಿಸಿತು. ಏನನ್ನು? ಅಲ್ಲಿಂದ ನನ್ನ ನಿದ್ದೆ ಹಾಳಾಯಿತು.

ಜಗುಲಿಯಲ್ಲಿ ಕೂತಿದ್ದ ತಾತ ಮೊದಲ ಸಲಹೆ ಕೊಟ್ಟರು. “ಇದ್ಕೆ ಒಂದು ಸ್ಟ್ಯಾಂಡಿಲ್ಲ, ಬೆಲ್ಲಿಲ್ಲ, ಇಂದ್ಗಡೆ ಕ್ಯಾರಿಯರ್ರೂ ಇಲ್ಲ. ಮದ್ಲು ಅವ್ನಾಕ್ಸವ್ವ. ಆಮ್ಯಾಕೆ ಕುಣೀವಂತೆ” ಎಂದರು. ನಮ್ಮ ಯಜಮಾನರು ಈರಣ್ಣ, ಮುದ್ದೇಬಿಹಾಳದ ಕಡೆಯವರು, ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನು ನಡೆಸುತ್ತಾರೆ. ಅವರು ಸೈಕಲ್ಲನ್ನೂ ನನ್ನನ್ನೂ ಒಮ್ಮೆ ನೋಡಿ, “ಸೈಕಲ್ ಏನ್ ಮಾಡೈತಿ ಪಾಪ? ಅದರ ಮ್ಯಾಲೆ ಕುಂತಾಕೀನ ಬದಲ್ ಮಾಡಬೇಕು” ಎಂದು ನಕ್ಕರು. ಈ ಮಾತು ಯಾರಾದರೂ ಹೇಳಿಯೇ ಹೇಳುತ್ತಾರೆಂದು ನನಗೆ ಗೊತ್ತಿತ್ತು. ಮನೆಯವರೇ ಹೇಳಿ ಮುಗಿಸಿದ್ದು ಒಳ್ಳೆಯದೇ ಆಯಿತು.

ತಿಳಿದವರನ್ನು ಕೇಳೋಣವೆಂದು, ಈ ಆಟ ಆಡುವವರ ವಾಟ್ಸಾಪ್ ಗುಂಪೊಂದನ್ನು ಹುಡುಕಿ ಸೇರಿಕೊಂಡೆ. ಅಲ್ಲಿ ವೈಟ್‌ಫೀಲ್ಡಿನ ಕಿರಣ್ ಎಂಬ ಸಾಫ್ಟ್‌ವೇರ್ ಉದ್ಯೋಗಿ ಸಿಕ್ಕಿದರು. ಒಳ್ಳೆಯ ಮನುಷ್ಯ, ಆದರೆ ಜ್ಞಾನ ವಿಪರೀತ. “ಅಕ್ಕ, ಫಸ್ಟು ಹಿಂದಿನ ಚಕ್ರಕ್ಕೆ ಫ್ರೀಕೋಸ್ಟರ್ ಹಾಕ್ಸಿ. ಸೈಕಲ್ ಹಿಂದಕ್ಕೆ ಹೋದ್ರೂ ಪೆಡಲ್ ತಿರುಗಲ್ಲ, ಸಕ್ಕತ್ತಾಗಿರತ್ತೆ” ಎಂದರು. ಸರಿ ಎಂದೆ. “ಆದ್ರೆ ಅದ್ರ ಅಚ್ಚು ದಪ್ಪ ಅಕ್ಕ, ನಿಮ್ಮ ಹಳೇ ಫ್ರೇಮಿಗೆ ಕೂರಲ್ಲ.” ಹಾಗಾದರೆ ಹ್ಯಾಂಡಲ್ಲು? “ಹಾಕ್ಬೋದು. ಆದ್ರೆ ಅದನ್ನ ಹಿಡಿಯೋ ಸ್ಟೆಮ್ಮು ಬದಲಾಯಿಸ್ಬೇಕು. ಹೊಸ ಸ್ಟೆಮ್ಮು ಹಳೇ ಫೋರ್ಕಿಗೆ ಆಗಲ್ಲ. ಫೋರ್ಕು ಬದಲಾಯಿಸಿದ್ರೆ ಮುಂದಿನ ಚಕ್ರ…” ಫೋರ್ಕ್ ಎಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲು. ನಾನು ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ಒಂದು ಬದಲಾಯಿಸಿದರೆ ಇನ್ನೊಂದು, ಅದಕ್ಕೆ ಮತ್ತೊಂದು. ಮದುವೆಗೆ ಒಬ್ಬ ದೊಡ್ಡಪ್ಪನನ್ನು ಕರೆದ ಹಾಗೆ. ಪುಟ ಮುಗಿಯುವ ಹೊತ್ತಿಗೆ ಅಣ್ಣನ ಸೈಕಲ್ಲಿನಲ್ಲಿ ಉಳಿದದ್ದು ಸೀಟೊಂದೇ. ಅದಕ್ಕೂ ಕಿರಣ್, “ಸೀಟು ಸ್ವಲ್ಪ ತೂಕ ಜಾಸ್ತಿ ಅಕ್ಕ” ಎಂದರು.

ಆ ಸೀಟಿಗೆ ಅಣ್ಣ ಎಂದೋ ಸುತ್ತಿದ್ದ ಕಪ್ಪು ಟೇಪು ಹಾಗೆಯೇ ಇದೆ. ಅದನ್ನು ನೋಡಿದಾಗಲೆಲ್ಲ ಕೈ ಹಿಂದೆ ಬರುತ್ತಿತ್ತು. ಕೊನೆಗೆ ನನಗೆ ಗೊತ್ತಿರುವ ವಿದ್ಯೆಯನ್ನೇ ಹಿಡಿದೆ. ಒಂದು ಹಾಳೆಯ ಮೇಲೆ ಸೈಕಲ್ಲಿನ ಡ್ರಾಯಿಂಗನ್ನು ನಾನೇ ಬರೆದು, ಮುಂದಿನ ಭಾನುವಾರ ಕಣದಲ್ಲಿ ಕೂತು ಪ್ರತಿಯೊಂದು ಭಾಗವನ್ನೂ ವರ್ನಿಯರ್‌ನಿಂದ ಕೂದಲೆಳೆಯ ಲೆಕ್ಕಕ್ಕೆ ಅಳೆದೆ. ಪೆಗ್ಗು ಸವೆದಿದೆ, ರಿಜೆಕ್ಟು. ಚೈನು ಸಡಿಲ, ರಿಜೆಕ್ಟು. ಪೆಡಲಿನ ತೋಳು ಉದ್ದ, ಅದಕ್ಕೇ ಬೆರಳು ತಾಗುವುದು, ರಿಜೆಕ್ಟು. ಮಧ್ಯಾಹ್ನದ ಹೊತ್ತಿಗೆ ಇಡೀ ಸೈಕಲ್ಲು ರಿಜೆಕ್ಟಾಗಿತ್ತು. ಈರಣ್ಣ ಹಾಳೆಯನ್ನು ಓದಿ, ಮಡಚಿ ಜೇಬಿಗಿಟ್ಟುಕೊಂಡರು. ನಾಲ್ಕು ದಿನ ಬಿಟ್ಟು, ಲೇತಿನಲ್ಲಿ ತಾವೇ ಕಡೆದ ನಾಲ್ಕು ಹೊಸ ಪೆಗ್ಗುಗಳನ್ನು ಊಟದ ಡಬ್ಬಿಯಿಂದ ತೆಗೆದು ಮೇಜಿನ ಮೇಲಿಟ್ಟರು. ಕಾಲು ಜಾರದಂತೆ ಮೈಮೇಲೆ ತರಿ ತರಿ ಗೀರು ಬೇರೆ. “ನೀ ವಿಚಾರ ಮಾಡ್ಕೋತ ಕುಂದ್ರು. ನಾ ಕೇಳಿದ್ರ ದೀಪಾವಳಿ ಬರತೈತಿ. ಅದಕ್ಕ ಕೇಳಲಿಲ್ಲ” ಎಂದರು. ಹದಿನಾಲ್ಕು ವರ್ಷದ ಸಂಸಾರದಲ್ಲಿ ನನಗೆ ಬಂದ ಅತಿ ಒಳ್ಳೆಯ ಉಡುಗೊರೆ ಅದು. ಹಾಗೆಂದು ಹೇಳಬೇಕೋ ಬೇಡವೋ ತಿಳಿಯದೆ, “ಡಬ್ಬಿ ತೊಳೀಬೇಕು, ಎಣ್ಣೆ ಆಗಿದೆ” ಎಂದೆ.

ಹಬ್ಬಕ್ಕೆ ಒಂದು ವಾರ ಇರುವಾಗ ಅಣ್ಣ ಬಂದ. ಗೇಟಿನ ಹತ್ತಿರವೇ ನಿಂತು ನಾನು ಸುತ್ತುವುದನ್ನೂ ಬೀಳುವುದನ್ನೂ ನೋಡಿದ. ಆಮೇಲೆ ಸೊಂಟ ಹಿಡಿದುಕೊಂಡು ನಗತೊಡಗಿದ.

“ಭಾಗಿ, ಫೋರ್ಕ್ ಹಿಂದುಮುಂದಾಗಿದೆಯಲ್ಲೇ!”

ನಿಜ. ಮನೆ ಬದಲಾಯಿಸುವಾಗ ಮೆಟ್ಟಿಲಲ್ಲಿ ಹಿಡಿಸುವುದಿಲ್ಲವೆಂದು ಈರಣ್ಣ ಹ್ಯಾಂಡಲ್ಲು ಸಡಿಲಿಸಿ ತಿರುಗಿಸಿದ್ದರು. ಮತ್ತೆ ಬಿಗಿಮಾಡುವಾಗ ಕವಲು ಹಿಂದಕ್ಕೆ ಮುಖಮಾಡಿತ್ತು. ಮುಂದಿನ ಚಕ್ರ ಅಷ್ಟು ಹತ್ತಿರ ಬಂದದ್ದು ಅದರಿಂದ. ಕೂದಲೆಳೆಯಷ್ಟು ವ್ಯತ್ಯಾಸ ಹುಡುಕಿದ್ದ ನನಗೆ, ಮುಂದಿನದು ಹಿಂದಾಗಿದ್ದು ಕಂಡಿರಲಿಲ್ಲ. ಅಣ್ಣ ನಟ್ಟು ಸಡಿಲಿಸಿ ಸರಿಮಾಡಿದ. ಹತ್ತಿದೆ. ಮೊದಲಿಗಿಂತ ಬೇಗ ಬಿದ್ದೆ! ಇಷ್ಟು ದಿನ ತಿರುಗಾಮುರುಗಾ ಸೈಕಲ್ಲಿಗೆ ಒಗ್ಗಿದ್ದ ಮೈಗೆ ಸರಿಯಾದದ್ದು ಹಿಡಿಸಲಿಲ್ಲ. ಕಿರಣ್‌ಗೆ ಫೋನು ಮಾಡಿದರೆ, “ಅಯ್ಯೋ ಅಕ್ಕ, ಸರಿ ಯಾಕೆ ಮಾಡಿದ್ರಿ? ಎಷ್ಟೋ ಜನ ಬೇಕೂಂತಲೇ ಉಲ್ಟಾ ಹಾಕ್ತಾರೆ!” ಎಂದರು. ನಾನು ಕಣದ ಮಧ್ಯೆ ಕೂತುಬಿಟ್ಟೆ.

“ಅಣ್ಣಾ, ಏನು ಮಾಡ್ಲಿ? ನಿನ್ನ ಸೈಕಲ್ಲು, ನೀನೇ ಹೇಳು.”

ಅವನು ಟೇಪು ಸುತ್ತಿದ ಸೀಟಿನ ಮೇಲೆ ಕೈಯಿಟ್ಟ. “ನನ್ನನ್ನ ಕೇಳ್ಬೇಡ. ಕೇಳಿದ್ರೆ ಏನೂ ಮುಟ್ಬೇಡ ಅಂತೀನಿ. ಕೇಳ್ದೆ ಮಾಡಿದ್ರೆ ನಂಗೂ ಸಂತೋಷಾನೇ” ಎಂದ. ನಾನು ಅವನ ಮುಖ ನೋಡದೆ ಚೈನು ಒರೆಸಿದೆ.

ಆ ವಾರವೆಲ್ಲ ಫೋರ್ಕು ಒಂದು ದಿನ ಮುಂದಕ್ಕೆ, ಒಂದು ದಿನ ಹಿಂದಕ್ಕೆ. ಹಬ್ಬದ ಬೆಳಿಗ್ಗೆ ಕಾರ್ಖಾನೆಯ ಶೆಡ್ಡಿನಲ್ಲಿ ಮಷೀನುಗಳ ಸಾಲಿನಲ್ಲೇ ಸೈಕಲ್ಲನ್ನೂ ನಿಲ್ಲಿಸಿ ಪೂಜೆ ಮಾಡಿದರು. ಮಾವಿನ ಸೊಪ್ಪು, ಚೆಂಡುಹೂವಿನ ಹಾರ, ಕುಂಕುಮ. ಮುಂಭಾಗವೇ ಕಾಣದ ಹಾಗೆ ಹೂವು. ನನ್ನ ಹೆಸರು ಕರೆಯುವ ಮುಂಚೆ ಅಣ್ಣ ಸ್ಪ್ಯಾನರು ಹಿಡಿದು ಬಂದ. “ಆ ಕಡೆ ತಿರುಗಿ ನಿಂತ್ಕೋ” ಎಂದ. ನಿಂತೆ. ಬೆನ್ನ ಹಿಂದೆ ಕಟಕಟ ಸದ್ದಾಯಿತು. “ಯಾವ ಕಡೆಗಿದೆ ಅಂತ ಹೇಳಲ್ಲ. ಕೆಳಗೆ ನೋಡ್ಬೇಡ. ಹೋಗು.”

ಹೋದೆ. ಇನ್ನೂರು ಜನ ಸುತ್ತ ನಿಂತಿದ್ದರು. ಈರಣ್ಣನ ಪೆಗ್ಗಿನ ಮೇಲೆ ಎಡಗಾಲಿಟ್ಟೆ, ಆಮೇಲೆ ಬಲಗಾಲು, ಹಿಂದಿನ ಚಕ್ರ ಎದ್ದಿತು. ಒಂದು ಸುತ್ತು, ಎರಡು. ಮೂರನೆಯ ಸುತ್ತಿನಲ್ಲಿ ಹಾರ ಹರಿದು ಚೆಂಡುಹೂವು ಎಲ್ಲರ ಮೇಲೂ ಚೆಲ್ಲಿತು. ನಾಲ್ಕನೆಯದರಲ್ಲಿ ಕಾಲು ಜಾರಿ ನೆಲಕ್ಕೆ ಹಾರಿದೆ, ಹೇಗೋ ನೆಟ್ಟಗೆ ನಿಂತೆ. ಆಟ ಮುಗಿಯುವುದೇ ಹಾಗೆ ಎಂದುಕೊಂಡು ಜನ ಚಪ್ಪಾಳೆ ಹೊಡೆದರು. ಅಣ್ಣ ಎರಡು ಬೆರಳು ಬಾಯಿಗಿಟ್ಟು ಹಾಕಿದ ಶಿಳ್ಳೆ ಮಾತ್ರ ನನಗೆ ಬೇರೆಯಾಗಿ ಕೇಳಿಸಿತು. ಸೊಂಟದ ಬೆಲ್ಟು ಬಿಚ್ಚಿಹೋಗುವುದೇನೋ ಎನ್ನುವಷ್ಟು ಕುಣಿಯುತ್ತಿದ್ದ. ಫೋರ್ಕು ಯಾವ ಕಡೆಗಿತ್ತು ಎಂದು ಇವತ್ತಿನವರೆಗೂ ಅವನು ಹೇಳಿಲ್ಲ. ಹೋಗಿ ನೋಡಿದರೆ ತಿಳಿಯುತ್ತಿತ್ತು. ನಾನು ನೋಡುವ ಹೊತ್ತಿಗೆ ಹ್ಯಾಂಡಲ್ಲು ಸಡಿಲಿಸಿ ಟೆಂಪೋಗೆ ಏರಿಸಿಯಾಗಿತ್ತು.

ಕೊನೆಗೆ ಬಹುಮಾನಕ್ಕೆ ವೇದಿಕೆಗೆ ಕರೆದರು. ಮ್ಯಾನೇಜರ್ ಸಾಹೇಬರ ಒಂದು ಪಕ್ಕ ಕುಕ್ಕರು, ಇನ್ನೊಂದು ಪಕ್ಕ ಇಸ್ತ್ರಿಪೆಟ್ಟಿಗೆ. “ಭಾಗ್ಯ ಅವ್ರೇ, ನಿಮ್ಗೆ ಸ್ಪೆಷಲ್. ಎರಡರಲ್ಲಿ ನಿಮ್ಗೆ ಯಾವ್ದು ಬೇಕೋ ಆರಿಸ್ಕೊಳ್ಳಿ” ಎಂದರು. ಫೋಟೋದವನು ಕ್ಯಾಮೆರಾ ಎತ್ತಿ ಹಿಡಿದ. ನಾನು ಕುಕ್ಕರು ನೋಡಿದೆ, ಇಸ್ತ್ರಿಪೆಟ್ಟಿಗೆ ನೋಡಿದೆ, ಮತ್ತೆ ಕುಕ್ಕರು ನೋಡಿದೆ. ಕೆಳಗೆ ಈರಣ್ಣ ತಲೆ ಚಚ್ಚಿಕೊಳ್ಳುವುದು ಕಾಣಿಸಿತು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಮೈಕಿನ ಹತ್ತಿರ ಬಾಗಿ, “ಸಾರ್, ಸೋಮವಾರ ಹೇಳ್ಲಾ?” ಎಂದೆ.

ಸೈಕಲ್ಲಿಗಿಂತ ಇದಕ್ಕೇ ಜೋರಾಗಿ ಚಪ್ಪಾಳೆ ಬಿತ್ತು. ನಾನು ತಮಾಷೆ ಮಾಡಿದೆ ಎಂದುಕೊಂಡಿದ್ದಾರೆ.